ನೀರಿನಿಂದ ಕಾಣುವ ಮಂಗಳೂರು: ಹಾಯಿಹಗ್ಗ ಹಿಡಿಯಲು ಊರಿನವರಿಗೆ ಅವಕಾಶ ಉಂಟಾ?

ಮಂಗಳೂರು: ಕಡಲ ದಾರಿಯಲ್ಲಿ ಈ ಊರಿಗೆ ಬರುವವರು ಇವತ್ತಿಗೂ ಇದ್ದಾರೆ. ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿಗರ ಕ್ರೂಸ್ ಹಡಗುಗಳು ಬಂದು ನಿಲ್ಲುತ್ತವೆ. ಸ್ವಾಗತ ಮುಗಿದ ಕೂಡಲೇ ಅವರನ್ನು ಬಸ್ಸು ಹತ್ತಿಸಿ ಕದ್ರಿ, ಕುದ್ರೋಳಿ, ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ ತೋರಿಸಿ ಸಂಜೆಗೆ ಮತ್ತೆ ಹಡಗಿಗೆ ಬಿಡುತ್ತಾರೆ. ನೀರಿನ ಮೇಲೆ ಬಂದವರಿಗೂ ನೀರಿನಿಂದ ಮಂಗಳೂರು ನೋಡಲು ಸಿಗುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವರ ಕಥೆಯೂ ಹೆಚ್ಚುಕಡಿಮೆ ಇದೇ. ಬೆಂಗ್ರೆಯವರನ್ನು, ಮೀನುಗಾರರನ್ನು ಬಿಟ್ಟರೆ ತಮ್ಮ ಊರನ್ನು ಹೊಳೆಯ ನಡುವಿನಿಂದ ನೋಡಿದವರು ಕಡಿಮೆ.

ಈ ಮಾತು ಈಗ ಯಾಕೆ ಅಂದರೆ, ಮಂಗಳೂರಿನ ಎರಡು ಹೊಳೆಗಳ ಮೇಲೆ ಸರಕಾರದ ಕಣ್ಣು ಬಿದ್ದಿದೆ. ಕರ್ನಾಟಕ ಮೆರಿಟೈಮ್ ಬೋರ್ಡ್ ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ಹೊಳೆಗಳಲ್ಲಿ ವಾಟರ್ ಮೆಟ್ರೊ ಓಡಿಸುವ ಯೋಜನೆ ಮುಂದಿಟ್ಟಿದೆ. ಸ್ಮಾರ್ಟ್ ಸಿಟಿ ಹೆಸರಿನಲ್ಲಿ ನೇತ್ರಾವತಿ ದಂಡೆಯಲ್ಲಿ ನಡಿಗೆ ಪಥದ ಕೆಲಸ ಕೈಗೆತ್ತಿಕೊಳ್ಳಲಾಯಿತು. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ತೂಗುಸೇತುವೆಯ ಮಾತು ವರ್ಷಗಳಿಂದ ಕೇಳಿಬರುತ್ತಿದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ ಈ ಎರಡೂ ಹೊಳೆಗಳ ಹೆಸರಿದೆ. ಕಡತದಲ್ಲಿ ನೀರು ತುಂಬಿ ಹರಿಯುತ್ತಿದೆ. ಆದರೆ ಆ ನೀರಿನ ಮೇಲೆ ಯಾರು ಇರುತ್ತಾರೆ, ಟಿಕೆಟ್ ತೆಗೆದು ಕೂತವರಾ ಅಥವಾ ಹೊಳೆಯನ್ನು ತಿಳಿದವರಾ ಅನ್ನುವ ಪ್ರಶ್ನೆ ಯಾವ ಯೋಜನೆಯಲ್ಲೂ ಮುಂದೆ ಬಂದಿಲ್ಲ.

ಈ ಪ್ರಶ್ನೆಗೆ ಒಂದು ಸಣ್ಣ, ಕಡಿಮೆ ಖರ್ಚಿನ ಉತ್ತರ ಇದೆ. ಬೇರೆ ಬಂದರು ನಗರಗಳಲ್ಲಿ ಅದು ರೂಢಿಯಲ್ಲೂ ಇದೆ. ನ್ಯೂಯಾರ್ಕಿನ ಸೌತ್ ಸ್ಟ್ರೀಟ್ ಸೀಪೋರ್ಟ್ ಮ್ಯೂಸಿಯಂ ಬಳಿ ಪಯೋನಿಯರ್ ಅಂತ ಒಂದು ಹಾಯಿಹಡಗು ಇದೆ. 1885ರಲ್ಲಿ ಕಟ್ಟಿದ್ದು, ಸರಕು ಸಾಗಿಸುತ್ತಿದ್ದದ್ದು. ಅದರಲ್ಲಿ ಹೊರಟ ಜನ ಕುರ್ಚಿಯಲ್ಲಿ ಕೂತು ಫೋಟೊ ತೆಗೆದು ಬರುವುದಿಲ್ಲ. ಹಾಯಿ ಏರಿಸಲು ಅವರೂ ಹಗ್ಗಕ್ಕೆ ಕೈ ಹಾಕುತ್ತಾರೆ. ಅಷ್ಟು ದೂರ ಹೋಗುವುದು ಬೇಡ. ಕಡಲೇ ಇಲ್ಲದ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ತೃಷ್ಣಾ ಸೈಲಿಂಗ್ ಕ್ಲಬ್ ಇದೆ. ಕಡಲೂ ಎರಡು ಹೊಳೆಯೂ ಇರುವ ಮಂಗಳೂರಿನಲ್ಲಿ ಸಾಮಾನ್ಯ ಜನ ಹಗ್ಗ ಹಿಡಿದು ಕಲಿಯುತ್ತ ಊರು ನೋಡುವ ವ್ಯವಸ್ಥೆ ಬೇರೂರಿಲ್ಲ.

ಗಾಳಿ, ಹೊಳೆ ಎರಡೂ ಕೂಡಿಬಂದ ಜಾಗ

ಹಾಯಿದೋಣಿಗೆ ಒಂದು ಮಿತಿ ಉಂಟು. ಗಾಳಿ ಬರುವ ದಿಕ್ಕಿಗೇ ನೇರವಾಗಿ ಮುಖ ಮಾಡಿ ಅದು ಮುಂದೆ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನ ನಡಿಗೆಯಲ್ಲಿ ಹೋಗಬೇಕು. ಕಲಿಯುವವರಿಗೆ ಇದೇ ಕಷ್ಟದ ಪಾಠ. ಗಾಳಿ ಬದಿಯಿಂದ ಬೀಸಿದರೆ ಮಾತ್ರ ಕೆಲಸ ಸಲೀಸು. ಹೋಗುವುದೂ ಸುಲಭ, ಬರುವುದೂ ಸುಲಭ.

ಗುರುಪುರ ಹೊಳೆಯ ಕೊನೆಯ ಭಾಗವನ್ನು ಈ ಲೆಕ್ಕದಲ್ಲಿ ನೋಡಬೇಕು. ಕೂಳೂರು ದಾಟಿದ ಮೇಲೆ ಹೊಳೆ ಸೀದಾ ಕಡಲಿಗೆ ಬೀಳುವುದಿಲ್ಲ. ತಣ್ಣೀರುಬಾವಿ, ಬೆಂಗ್ರೆಯ ಮರಳು ಪಟ್ಟಿಯ ಹಿಂದೆ ದಕ್ಷಿಣಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಹಳೆ ಬಂದರು ದಾಟಿ ನೇತ್ರಾವತಿಯನ್ನು ಕೂಡಿ ಅಳಿವೆ ಬಾಗಿಲಿನಲ್ಲಿ ಸಮುದ್ರ ಸೇರುತ್ತದೆ. ಅಂದರೆ ಹೊಳೆ ಉತ್ತರ-ದಕ್ಷಿಣ. ಚಳಿಗಾಲ, ಬೇಸಿಗೆಯ ಮಧ್ಯಾಹ್ನ ನೆಲ ಕಾದು ಕಡಲ ಗಾಳಿ ಒಳಗೆ ನುಗ್ಗುವುದು ಪಶ್ಚಿಮ, ವಾಯವ್ಯ ದಿಕ್ಕಿನಿಂದ. ಗಾಳಿ ಹೊಳೆಗೆ ಅಡ್ಡ ಬೀಸುತ್ತದೆ. ಹೊರಗೆ ಅಲೆ ಏಳುತ್ತಿದ್ದರೂ ಮರಳು ಪಟ್ಟಿಯ ಒಳಗೆ ನೀರು ಬಹುತೇಕ ಶಾಂತ. ಬಂದರಿನಿಂದ ಸುಲ್ತಾನ್ ಬತ್ತೇರಿಗೆ ಎರಡು-ಮೂರು ಕಿಲೋಮೀಟರ್. ಒಂದೇ ಗಾಳಿಯಲ್ಲಿ ಹೋಗಿ, ಅದೇ ಗಾಳಿಯಲ್ಲಿ ಎರಡು ಗಂಟೆಯೊಳಗೆ ವಾಪಸ್ ಬರಬಹುದು. ಧಕ್ಕೆಯ ಗಡಿಬಿಡಿ ಹೆಚ್ಚಾಗಿ ಮುಂಜಾನೆಯದು. ಕಡಲ ಗಾಳಿ ಏಳುವುದು ಮಧ್ಯಾಹ್ನ. ಒಂದಕ್ಕೊಂದು ಅಡ್ಡ ಬರುವುದು ಕಡಿಮೆ.

ಇದು ಹೊಸ ಸಂಶೋಧನೆ ಏನಲ್ಲ. ಎಂಜಿನ್ ಬರುವ ಮೊದಲು ಕರಾವಳಿಯ ಮೀನುಗಾರರ ದಿನಚರಿಯೇ ಇದಾಗಿತ್ತು. ನಸುಕಿನಲ್ಲಿ ನೆಲದ ಗಾಳಿ ಹಿಡಿದು ಹೊರಗೆ, ಮಧ್ಯಾಹ್ನದ ಮೇಲೆ ಕಡಲ ಗಾಳಿ ಹಿಡಿದು ಒಳಗೆ. 1950ರ ದಶಕದಲ್ಲಿ ಯಾಂತ್ರೀಕರಣ ಶುರುವಾಯಿತು, 1970ರ ದಶಕದ ನಡುವಿಗೆ ಪರ್ಸೀನ್ ಬಲೆ ಬಂತು. ನಾಡದೋಣಿಗಳಿಗೂ ಔಟ್‌ಬೋರ್ಡ್ ಎಂಜಿನ್ ಕೂತಿತು. ಹಾಯಿ ಕಟ್ಟಿ ಗೊತ್ತಿರುವ ತಲೆಮಾರು ಈಗ ಹಣ್ಣು ಹಣ್ಣು ಮುದುಕರು. ಅವರ ಜೊತೆ ಆ ವಿದ್ಯೆಯೂ ಹೋಗುತ್ತದೆ.

ರಸ್ತೆಯಿಂದ ಕಾಣದ್ದು

ನೀರಿನಿಂದ ನೋಡಿದರೆ ಏನು ಕಾಣುತ್ತದೆ? ಮೊದಲಿಗೆ, ಊರು ಯಾಕೆ ಇಲ್ಲೇ ಹುಟ್ಟಿತು ಅನ್ನುವುದು ಕಾಣುತ್ತದೆ. ಮರಳಿನ ಕೋಟೆಯ ಹಿಂದೆ ಹಡಗಿಗೆ ಆಸರೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಇಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್ ಜೊತೆ ವ್ಯಾಪಾರ ಮಾಡಿದ್ದು, 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದು ಹೋದದ್ದು ಇದೇ ಆಸರೆಯ ದೆಸೆಯಿಂದ.

ಸುಲ್ತಾನ್ ಬತ್ತೇರಿಯನ್ನೇ ತಗೊಳ್ಳಿ. ಬೋಳೂರಿನ ಕಡೆಯಿಂದ ಹೋದವರಿಗೆ ಅದು ಮನೆಗಳ ನಡುವಿನ ಕರಿಕಲ್ಲಿನ ಸಣ್ಣ ಕಟ್ಟಡ. ಮೆಟ್ಟಿಲು ಹತ್ತಿ, ಸೆಲ್ಫಿ ತೆಗೆದು ಇಳಿಯುತ್ತಾರೆ. ಟಿಪ್ಪು ಸುಲ್ತಾನ್ 1784ರಲ್ಲಿ ಇದನ್ನು ಕಟ್ಟಿಸಿದ್ದು ಶತ್ರುಗಳ ಹಡಗು ಹೊಳೆಯೊಳಗೆ ನುಗ್ಗದಂತೆ. ಹೊಳೆಯ ನಡುವಿನಿಂದ ನೋಡಿದಾಗ ತೋಪಿನ ಕಿಂಡಿಗಳು ನೋಡುವವರ ಕಡೆಗೇ ಮುಖ ಮಾಡಿರುತ್ತವೆ. ಅದರ ಕೆಲಸ ಏನಾಗಿತ್ತು ಅಂತ ಬೋರ್ಡ್ ಓದದೆಯೂ ಅರ್ಥವಾಗುತ್ತದೆ. ಲೈಟ್‌ಹೌಸ್ ಹಿಲ್ ಅನ್ನುವ ಹೆಸರೂ ಹಾಗೆಯೇ: ಆ ಬೆಳಕು ಇದ್ದದ್ದು ನಗರದವರಿಗಲ್ಲ, ಕಡಲಿನವರಿಗೆ.

ಹಂಚಿನ ಕಥೆಯೂ ನೀರಿನದ್ದೇ. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಆಮೇಲೆ ಹೊಳೆಯ ದಂಡೆಯಲ್ಲಿ ಸಾಲು ಸಾಲು ಕಾರ್ಖಾನೆ ಎದ್ದವು. ಆವೆಮಣ್ಣು ಬಂದದ್ದು ದೋಣಿಯಲ್ಲಿ, ಸುಟ್ಟ ಹಂಚು ಬಂದರಿಗೆ ಹೋದದ್ದೂ ದೋಣಿಯಲ್ಲಿ. ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರುವ ಮೊದಲು ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲಿ ಲಂಗರು ಹಾಕುತ್ತಿದ್ದವು. ಸರಕು ಸಾಗಿಸಿದ್ದು ಸಣ್ಣ ದೋಣಿಗಳು. ಇವತ್ತಿಗೂ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ ಹೊತ್ತ ಮಂಜಿಗಳು ಹೋಗುತ್ತವೆ. ಊರಿನ ಎಷ್ಟು ಮಂದಿಗೆ ಗೊತ್ತು?

ಚಂದದ್ದು ಮಾತ್ರ ಕಾಣುವುದಿಲ್ಲ. ನಗರದ ತೋಡುಗಳು ಹೊಳೆಗೆ ಬಾಯಿ ಬಿಡುವ ಜಾಗದಲ್ಲಿ ಮೂಗು ಮುಚ್ಚಬೇಕಾಗುತ್ತದೆ. ಪ್ಲಾಸ್ಟಿಕ್ ತೇಲುತ್ತದೆ. ಮನೆ, ಗೋದಾಮು, ಕಟ್ಟಡ ಎಲ್ಲ ಹೊಳೆಗೆ ಬೆನ್ನು ಹಾಕಿ ನಿಂತಿವೆ. ಎದುರು ದಂಡೆಯಲ್ಲಿ ಬೆಂಗ್ರೆ. ಬಂದರಿನಿಂದ ಕಣ್ಣಳತೆಯ ದೂರ. ರಸ್ತೆಯಲ್ಲಿ ಹೋದರೆ ಕೂಳೂರು, ತಣ್ಣೀರುಬಾವಿ ಸುತ್ತಿ ಹೋಗಬೇಕು. ಅಲ್ಲಿನ ವಿದ್ಯಾರ್ಥಿಗಳು, ಕೆಲಸಕ್ಕೆ ಬರುವವರು ಫೆರಿಯನ್ನೇ ನಂಬಿದ್ದಾರೆ. ನಗರದವರಿಗೆ ಪ್ರವಾಸ ಅನಿಸುವ ನೀರು ಅವರಿಗೆ ದಿನದ ರಸ್ತೆ. ಹೊಳೆ ಕೆಟ್ಟರೆ ಯಾರ ಬದುಕಿಗೆ ಏಟು ಅನ್ನುವುದು ದೋಣಿಯಲ್ಲಿ ಕೂತಾಗ ತಿಳಿದಷ್ಟು ಸಭೆಯಲ್ಲಿ ತಿಳಿಯುವುದಿಲ್ಲ.

ಹೂಳು ಮತ್ತು ಸೇತುವೆ

ಹಾಗಾದರೆ ನಾಳೆಯೇ ಶುರು ಮಾಡಬಹುದಾ? ಆಗ್ಲಿಕ್ಕಿಲ್ಲ. ಮೊದಲ ಅಡ್ಡಿ ಹೂಳು. ಎರಡು ಹೊಳೆಗಳು ತರುವ ಮರಳು, ಕಡಲು ತಳ್ಳುವ ಮರಳು ಎರಡೂ ಅಳಿವೆ ಬಾಗಿಲಿನಲ್ಲಿ ಕೂರುತ್ತವೆ. ಮೀನುಗಾರಿಕಾ ಬೋಟುಗಳು ಅಲ್ಲಿ ತಳ ತಾಗಿ ಅಪಾಯಕ್ಕೆ ಸಿಲುಕುವುದು ಹಳೆಯ ಗೋಳು. ಹೂಳೆತ್ತಬೇಕು ಅನ್ನುವ ಬೇಡಿಕೆಯೂ ಅಷ್ಟೇ ಹಳೆಯದು. ಕಲಿಕೆಯ ಹಾಯಿದೋಣಿ ಅಳಿವೆ ಬಾಗಿಲಿನ ಹತ್ತಿರವೂ ಹೋಗಬೇಕಾಗಿಲ್ಲ, ಹೋಗಲೂಬಾರದು. ಒಳಗಿನ ಹೊಳೆಯಲ್ಲೂ ದಿಬ್ಬಗಳು ಇರುವುದರಿಂದ ಆಳಕ್ಕೆ ಇಳಿಯುವ ದೊಡ್ಡ ದೋಣಿ ನಡೆಯದು. ನಡುವಿನ ಅಡಿಹಲಗೆಯನ್ನು ಮೇಲೆತ್ತಬಹುದಾದ ಸಣ್ಣ ದೋಣಿ ಬೇಕು. ಭರತ-ಇಳಿತದ ಲೆಕ್ಕ ನೋಡಿ ಹೊರಡಬೇಕು.

ಎರಡನೆಯ ಅಡ್ಡಿ ಇನ್ನೂ ಬಂದಿಲ್ಲ, ಬರಬಹುದು. ಅದು ಸೇತುವೆ. ಇಪ್ಪತ್ತು ಅಡಿಯ ದೋಣಿಯಲ್ಲೂ ಹಾಯಿಕಂಬ ಸಾಮಾನ್ಯವಾಗಿ ದೋಣಿಯ ಉದ್ದಕ್ಕಿಂತ ಎತ್ತರ ಇರುತ್ತದೆ. ನೇತ್ರಾವತಿಯಲ್ಲಿ ರೈಲು ಮತ್ತು ಹೆದ್ದಾರಿ ಸೇತುವೆಗಳು, ಗುರುಪುರದಲ್ಲಿ ಕೂಳೂರು ಸೇತುವೆ ಈಗಾಗಲೇ ಮೇಲಿನ ಗಡಿ ಹಾಕಿವೆ. ನಡುವೆ ಉಳಿದಿರುವ ತೆರೆದ ನೀರೇ ಬಂದರಿನಿಂದ ಮೇಲಿನ ಗುರುಪುರ. ಸುಲ್ತಾನ್ ಬತ್ತೇರಿಯ ತೂಗುಸೇತುವೆ ಕಟ್ಟುವಾಗ ಅದರ ಎತ್ತರವನ್ನು ಎಂಜಿನ್ ಬೋಟಿನ ಲೆಕ್ಕದಲ್ಲಿ ಮಾತ್ರ ಇಟ್ಟರೆ ಹಾಯಿಗೆ ಅಲ್ಲಿಂದ ಮೇಲೆ ಬಾಗಿಲು ಮುಚ್ಚಿದಂತೆ. ಸೇತುವೆ ಬೇಡ ಅಂತ ಅಲ್ಲ. ನಕ್ಷೆ ಅಂತಿಮವಾಗುವ ಮೊದಲು ಒಂದು ಅಳತೆ ಕೇಳುವವರು ಬೇಕು, ಅಷ್ಟೇ. ಕಾಂಕ್ರೀಟ್ ಬಿದ್ದ ಮೇಲೆ ಮನವಿ ಕೊಟ್ಟು ಪ್ರಯೋಜನ ಇಲ್ಲ.

ಜೀವದ ಲೆಕ್ಕದಲ್ಲಿ ರಿಯಾಯಿತಿ ಇಲ್ಲ

2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಮಂದಿ ಸತ್ತರು. ಮೀನುಗಾರಿಕೆಯ ದೋಣಿಯನ್ನು ಪ್ರವಾಸಿ ದೋಣಿಯಾಗಿ ಬದಲಿಸಿದ್ದರು, ಮಿತಿಗಿಂತ ಹೆಚ್ಚು ಜನ ತುಂಬಿದ್ದರು, ಹೊತ್ತು ಮುಳುಗಿತ್ತು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲೂ ಹೆಚ್ಚು ಜನ. ಎರಡೂ ಕಡೆ ನಿಯಮ ಇರಲಿಲ್ಲ ಅಂತ ಅಲ್ಲ, ದಂಡೆಯಲ್ಲಿ ನಿಂತು "ಇನ್ನು ಹತ್ತಬೇಡಿ" ಅನ್ನುವವರು ಇರಲಿಲ್ಲ.

1917ರ ಹಳೆ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗು ಕಾಯ್ದೆ ನೋಂದಣಿ, ತಪಾಸಣೆ, ವಿಮೆಯ ಮಾತು ಹೇಳುತ್ತದೆ. ಯಂತ್ರವಿಲ್ಲದ ದೋಣಿಗಳ ಬಗ್ಗೆಯೂ ಅದರಲ್ಲಿ ಪ್ರತ್ಯೇಕ ಅಧ್ಯಾಯ ಉಂಟು. ಆದರೆ ಕಾಗದಕ್ಕಿಂತ ಗಟ್ಟಿಯಾದ ಒಂದು ಸಂಗತಿ ಕಲಿಕೆಯ ಪಯಣದಲ್ಲೇ ಇದೆ. ಹಾಯಿದೋಣಿಯಲ್ಲಿ ಹತ್ತಿದವರಿಗೆ ಮೊದಲು ಹೇಳಿಕೊಡುವುದೇ, ಗಾಳಿ ಜೋರಾಗಿ ದೋಣಿ ವಾಲಿದರೆ ಹಾಯಿಯ ಹಗ್ಗ ಸಡಿಲ ಬಿಡು ಅಂತ. ಹಾಯಿ ಪಟಪಟ ಬಡಿದುಕೊಂಡು ಬಲ ಕಳೆದುಕೊಳ್ಳುತ್ತದೆ, ದೋಣಿ ನೆಟ್ಟಗಾಗುತ್ತದೆ. ಯಾರು ಎಲ್ಲಿ ಕೂರಬೇಕು, ತೂಕ ಯಾವ ಬದಿಗೆ ಬರಬೇಕು, ಲೈಫ್ ಜಾಕೆಟ್ ಯಾಕೆ ಬಿಗಿಯಾಗಿ ಕಟ್ಟಬೇಕು ಎಲ್ಲ ಅಲ್ಲೇ ಗೊತ್ತಾಗುತ್ತದೆ. ಐದಾರು ಮಂದಿಯ ದೋಣಿಗೆ ಏಳನೆಯವರು ಹತ್ತಿದರೆ ಏನಾಗುತ್ತದೆ ಅಂತ ಒಮ್ಮೆ ಕೈಯಾರೆ ತಿಳಿದವರು ಆಮೇಲೆ ಯಾವ ಜಾತ್ರೆಯ ದೋಣಿಗೂ ಕಣ್ಣು ಮುಚ್ಚಿ ಹತ್ತುವುದಿಲ್ಲ. ಮಕ್ಕಳಿಗೆ ಈಜು ಕಲಿಸಿದಷ್ಟೇ ಉಪಕಾರ ಇದು.

ಯಾರ ಕೈಗೆ ಹಗ್ಗ?

ಕೊನೆಯ ಪ್ರಶ್ನೆಯೇ ದೊಡ್ಡದು. ನೀರಿನ ಪ್ರವಾಸ ಅಂದ ಕೂಡಲೇ ಟೆಂಡರ್, ಹೊರಗಿನ ಗುತ್ತಿಗೆ, ಬೇಲಿ ಹಾಕಿದ ಜೆಟ್ಟಿ ಎದುರು ಬರುತ್ತವೆ. ದೋಣಿ ಎಳೆದು ಇಡುತ್ತಿದ್ದ, ಬಲೆ ಒಣಗಿಸುತ್ತಿದ್ದ ಜಾಗ ಕೈತಪ್ಪುವ ಭಯ ಬೆಂಗ್ರೆ, ಬೋಳಾರದ ಮೀನುಗಾರರಿಗೆ ಸುಮ್ಮನೆ ಬಂದದ್ದಲ್ಲ. ಅವರನ್ನು ಬಿಟ್ಟು ಮಾಡಿದ ಯೋಜನೆಗೆ ವಿರೋಧ ಖಂಡಿತ, ಅದು ನ್ಯಾಯವೂ ಹೌದು.

ಅದರ ಬದಲು ದಾರಿ ಹೀಗೂ ಇರಬಹುದು: ನವೆಂಬರಿನಿಂದ ಮಾರ್ಚಿನವರೆಗೆ ಮಧ್ಯಾಹ್ನದ ಹೊತ್ತು ಮಾತ್ರ, ನಾಲ್ಕೈದು ಸಣ್ಣ ದೋಣಿ, ಜೊತೆಗೆ ಒಂದು ಎಂಜಿನ್ ಇರುವ ರಕ್ಷಣಾ ಬೋಟು. ಚುಕ್ಕಾಣಿಯ ಹೊಣೆ ತರಬೇತಿ ಪಡೆದ ಬೆಂಗ್ರೆಯ ಯುವಕ-ಯುವತಿಯರದ್ದು. ಹಳಬರು ಗಾಳಿ-ನೀರಿನ ಪಾಠ ಹೇಳುವವರು. ವಾರದಲ್ಲಿ ಕೆಲವು ದಿನ ಶಾಲಾ ಮಕ್ಕಳಿಗೆ, ಉಳಿದ ದಿನ ಹಣ ಕೊಟ್ಟು ಬರುವವರಿಗೆ. ಹೊಸ ಜೆಟ್ಟಿ ಬೇಡ, ಈಗಿನ ಫೆರಿ ಕಟ್ಟೆಯೇ ಸಾಕು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇರುವ ಹಾಗೆ ಇದಕ್ಕೆ ಇಡೀ ಮಳೆಗಾಲ ರಜೆ.

ಕೊಚ್ಚಿಯ ವಾಟರ್ ಮೆಟ್ರೊ 2023ರ ಏಪ್ರಿಲಿನಲ್ಲಿ ಓಡಲು ಶುರುವಾಯಿತು. ಮಂಗಳೂರಿನದ್ದು ಯಾವತ್ತು ಓಡುತ್ತದೋ ಓಡಲಿ. ಅದಕ್ಕೆ ಸರ್ವೆ, ಡಿಪಿಆರ್, ಅನುದಾನ ಎಲ್ಲ ಬೇಕು. ಐದು ಹಾಯಿದೋಣಿಗೆ ಅಷ್ಟೆಲ್ಲ ಬೇಡ. ಜಿಲ್ಲಾಡಳಿತ, ಮೆರಿಟೈಮ್ ಬೋರ್ಡ್, ಬೆಂಗ್ರೆಯ ಮೀನುಗಾರರ ಸಭೆಗಳು ಒಂದು ಮೇಜಿನ ಸುತ್ತ ಕೂತರೆ ಒಂದು ಋತುವಿನ ಪ್ರಯೋಗ ಸಾಧ್ಯ. ನಡೆದರೆ ಮುಂದುವರಿಸಬಹುದು, ನಡೆಯದಿದ್ದರೆ ದೋಣಿ ದಂಡೆಗೆ ಎಳೆಯಬಹುದು. ಆ ಸಭೆಯಲ್ಲಿ ಮೊದಲು ಇತ್ಯರ್ಥವಾಗಬೇಕಾದ್ದು ಎರಡೇ: ತೂಗುಸೇತುವೆ ನೀರಿನಿಂದ ಎಷ್ಟು ಎತ್ತರ ಇರಬೇಕು, ಮತ್ತು ಚುಕ್ಕಾಣಿಯ ಕೆಲಸ ಬೆಂಗ್ರೆಯವರಿಗೇ ಅಂತ ಬರಹದಲ್ಲಿ ಬರುತ್ತದಾ.