ಹಗಲಿಗೂ ಇರುಳಿಗೂ ಒಂದೇ ನಾಯಿ

ಶ್ರೀನಿವಾಸಪುರದ ಮಾವಿನ ತೋಪಿಗೆ ಹಗಲು ಅಳಿಲಿನ ಕಾಟ. ಕೋಲಾರ, ಮಾಲೂರು, ಮುಳಬಾಗಿಲಿನ ಹೊಲಗಳಿಗೆ ಇರುಳು ಹೆಗ್ಗಣದ ಹಾವಳಿ. ಎರಡಕ್ಕೂ ಒಂದು ನಾಟಿ ನಾಯಿ ಸಾಕೆಂದು ನನ್ನ ಅಭಿಪ್ರಾಯ. ಆದರೆ ಕಲಿಸುವ ಕ್ರಮ ತಪ್ಪಬಾರದು.

ಮೊದಲು ‘ನಿಲ್ಲು’ ಎಂದೊಡನೆ ನಿಲ್ಲುವುದನ್ನು ಕಲಿಸಿರಿ. ಬಳಿಕ ಮೂಸಿ ಹೆಗ್ಗಣದ ಬಿಲ ಗುರುತಿಸುವುದನ್ನು, ಕೊನೆಗೆ ಮರದಡಿ ಬೊಗಳಿ ಅಳಿಲನ್ನು ಬೆದರಿಸುವುದನ್ನು ರೂಢಿಸಿರಿ. ಮೊದಲೇ ಓಡಿಸಿ ಹಿಡಿಯಲು ಬಿಟ್ಟ ನಾಯಿ ಮೂಗನ್ನು ಮರೆತು, ಕಣ್ಣಿಗೆ ಬಿದ್ದ ಮೊಲದ ಬೆನ್ನು ಹತ್ತುತ್ತದೆ. ನಾಯಿ ಬಿಟ್ಟು ಮೊಲ, ಕಾಡುಹಂದಿಗಳನ್ನು ಬೇಟೆಯಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಬಿಲಗಳಿಗೆ ಜಿಂಕ್ ಫಾಸ್ಫೈಡ್ ಪಾಷಾಣ ಇಟ್ಟಾಗ ನಾಯಿಯನ್ನು ಕಟ್ಟಿರಿ. ಪಾಷಾಣ ತಿಂದು ಸತ್ತ ಹೆಗ್ಗಣ ಅದಕ್ಕೂ ಅಪಾಯ. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ತಪ್ಪದೆ ಹಾಕಿಸಿರಿ. ಬೆಳೆ ಕಾಯುವ ನಾಯಿಯನ್ನು ಕಾಯಬೇಕಾದವರು ನೀವೇ.