ಮೇಲೆ ಕಾವೇರಿ, ಕೆಳಗೆ ಮುಚ್ಚಿದ ಬಾವಿ

2024ರ ತಪಸ್ಸುಕಾಲದಲ್ಲಿ ಬೆಂಗಳೂರಿನ ಕ್ರೈಸ್ತ ಕುಟುಂಬಗಳಿಗೆ ಉಪವಾಸದ ಜೊತೆಗೆ ಇನ್ನೊಂದು ವ್ರತವೂ ಬಂದೊದಗಿತ್ತು, ಅದು ನೀರಿನದು. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಮಾರ್ಚ್ ವೇಳೆಗೆ ನಗರದಲ್ಲಿ 6,900 ಕೊಳವೆಬಾವಿಗಳು ಬತ್ತಿವೆಯೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತು.

ಆ ದಿನಗಳಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಹಿರಿಯರ ಮನೆಗಳಲ್ಲಿ ನಾವು ಕಂಡದ್ದು ಬೇರೆಯೇ ನೋಟ. ಅಲ್ಲಿ ದಿನ ಬಿಟ್ಟು ದಿನವಾದರೂ ನಲ್ಲಿಯಲ್ಲಿ ಕಾವೇರಿ ಬರುತ್ತಿತ್ತು. ನಗರದ ಅಂಚಿನಲ್ಲಿ ಸಾಲ ಮಾಡಿ ಫ್ಲ್ಯಾಟು ಕೊಂಡ ಮಕ್ಕಳು ಭಾನುವಾರದ ಪೂಜೆ ಮುಗಿಸಿ ತಾಯಿಮನೆಗೆ ಬರುವಾಗ ಒಗೆಯುವ ಬಟ್ಟೆಗಂಟನ್ನೂ ಹೊತ್ತು ತರುತ್ತಿದ್ದರು. ಒಂದೇ ಕುಟುಂಬ; ಒಂದು ಮನೆಗೆ ನದಿ, ಇನ್ನೊಂದಕ್ಕೆ ಟ್ಯಾಂಕರು.

ಈ ಅಂತರವನ್ನು ಹಣದಲ್ಲಿ ಅಳೆದರೆ ಇನ್ನೂ ಸ್ಪಷ್ಟವಾಗುತ್ತದೆ. 2014ರ ದರಪಟ್ಟಿಯಂತೆ ಮನೆಬಳಕೆಯ ಮೊದಲ 8,000 ಲೀಟರುಗಳಿಗೆ ಸಾವಿರ ಲೀಟರಿಗೆ ಕೇವಲ 7 ರೂಪಾಯಿ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ನಿಗದಿಪಡಿಸಿದ ಟ್ಯಾಂಕರ್ ದರ 6,000 ಲೀಟರಿಗೆ 600 ರೂಪಾಯಿ, ಎಂದರೆ ಸಾವಿರ ಲೀಟರಿಗೆ 100. ನಿಗದಿಯಾಗುವ ಮೊದಲು ಕೇಳಿದಷ್ಟು ಕೊಡಬೇಕಾಗಿತ್ತು. ಕೊಳವೆ ಇಲ್ಲದವನು ಕೊಳವೆ ಇದ್ದವನಿಗಿಂತ ಹದಿನಾಲ್ಕು ಪಾಲು ಹೆಚ್ಚು ತೆತ್ತ ಹಾಗಾಯಿತು. ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬರೆದಿದ್ದರು. ಆ ಹಕ್ಕಿಗೆ ಒಂದೇ ಊರಿನಲ್ಲಿ ಎರಡು ಬೆಲೆ ಇರಬಾರದು. 2025ರ ಏಪ್ರಿಲ್‌ನಿಂದ ಜಲಮಂಡಳಿ ದರ ಏರಿಸಿದಾಗ ಹಳೆಯ ಬಡಾವಣೆಗಳಲ್ಲಿ ಗೊಣಗಾಟ ಕೇಳಿಬಂತು. ಮೊದಲ ಹಂತದ ಬಳಕೆದಾರರಿಗೆ ಏರಿಕೆಯಾದದ್ದು ಲೀಟರಿಗೆ 0.15 ಪೈಸೆ. ಗೊಣಗುವ ಮೊದಲು ಅಂಚಿನಲ್ಲಿರುವ ಮಗಳ ಟ್ಯಾಂಕರ್ ರಸೀದಿಯನ್ನೊಮ್ಮೆ ನೋಡುವುದು ಒಳ್ಳೆಯದು.

ನೀರನ್ನು ದೂರದಿಂದ ತರುವುದು ಈ ನಗರಕ್ಕೆ ಹೊಸತಲ್ಲ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳು ಸಾಲದಾದಾಗ 1894ರಲ್ಲಿ ಹೆಸರಘಟ್ಟದಿಂದ ನೀರು ಬಂತು. ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ ಎಂಬ ಹೆಸರು ಆ ವ್ಯವಸ್ಥೆಯ ನೆನಪಾಗಿ ಇಂದಿಗೂ ಉಳಿದಿದೆ. ಅದೂ ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಬಳಿಕ ಕಾವೇರಿ: 1974ರಲ್ಲಿ ಮೊದಲ ಹಂತ, ಆಮೇಲೆ ಒಂದೊಂದಾಗಿ 2012ರವರೆಗೆ ನಾಲ್ಕು ಹಂತಗಳು. 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಇದಕ್ಕೆ ಮುಂಚೆ ಬರುತ್ತಿದ್ದುದು ಸುಮಾರು 1,450 ದಶಲಕ್ಷ ಲೀಟರ್. ಈ ನೀರು ಸುಮಾರು ನೂರು ಕಿಲೋಮೀಟರ್ ಹರಿದು, ಮೂರು ಕಡೆ ಪಂಪುಗಳಿಂದ ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ತಿನದೇ. ಮೇಕೆದಾಟು ಅಣೆಕಟ್ಟು ಆಗಲಿ ಎಂಬ ಕೂಗಿದೆ. ಆದರೂ ಅದು ಇದೇ ನದಿಯ ನೀರು, ಮಳೆ ಬಾರದ ವರ್ಷ ಅಲ್ಲಿಯೂ ಬಾರದು.

ಇಷ್ಟು ಕಷ್ಟಪಟ್ಟು ತಂದ ನೀರು ಬಳಕೆಯಾದ ಮೇಲೆ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ಕಡಿಮೆ. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತ ಊರು. ಪೂರ್ವಕ್ಕೆ ಬಿದ್ದ ನೀರು ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಸಂಗಮದಲ್ಲಿ ಕಾವೇರಿಗೆ. ವೃಷಭಾವತಿ ಹುಟ್ಟುವುದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲೆಂಬುದು ಪ್ರತೀತಿ. ಚಾಮರಾಜಪೇಟೆಯ ಬಚ್ಚಲ ನೀರು ಸೇರುವುದೂ ಆ ಕಣಿವೆಗೇ. 2007ರ ತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿ ನಗರದ ಮೂರನೆಯ ಒಂದು ಭಾಗ ಮಾತ್ರ ಕಣಿವೆಯೊಳಗಿದೆಯೆಂದು ಎಣಿಸಿತ್ತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಆ ಎಣಿಕೆಯನ್ನು ಒಪ್ಪದೆ ಬೆಂಗಳೂರಿನ ಕುಡಿಯುವ ನೀರಿಗಾಗಿ 4.75 ಟಿಎಂಸಿ ಅಡಿ ಹೆಚ್ಚಿಸಿತು. ನಮಗೆಲ್ಲ ಸಂತೋಷವಾಯಿತು. ಆದರೆ ಈ ಲೆಕ್ಕದ ಒಳಗೆ ಇನ್ನೊಂದು ಲೆಕ್ಕವಿದೆ: ಕುಡಿಯುವ ನೀರಿನಲ್ಲಿ ಐದರಲ್ಲೊಂದು ಪಾಲು ಮಾತ್ರ ವ್ಯಯ, ಉಳಿದ ನಾಲ್ಕು ಪಾಲು ಮರಳಿ ಹರಿಯುತ್ತದೆ ಎಂಬುದು ಅದರ ಆಧಾರ. ಆ ನಾಲ್ಕು ಪಾಲು ಮರಳುತ್ತಿರುವ ರೀತಿಯನ್ನು ಬಿಡದಿ ಸಮೀಪದ ಭೈರಮಂಗಲ ಕೆರೆಯ ದಡದಲ್ಲಿ ನಿಂತು ನೋಡಬೇಕು. ನೊರೆಯೆದ್ದ ಕಪ್ಪುನೀರಿನಲ್ಲಿ ಅಲ್ಲಿಯ ರೈತರು ಬೇಸಾಯ ಮಾಡಿದ್ದಾರೆ. ಸಂಸ್ಕರಿಸಿದ ನೀರನ್ನು ಲಾಲ್‌ಬಾಗಿನ ಗಿಡಗಳಿಗೆ ಹಾಯಿಸುತ್ತಾರೆ, 2018ರಿಂದ ಕೋಲಾರದ ಕೆರೆಗಳಿಗೂ ಹರಿಸುತ್ತಿದ್ದಾರೆ. ಕಟ್ಟಡ ಕಾಮಗಾರಿಗೆ, ಶೌಚಾಲಯಕ್ಕೆ, ತೋಟಕ್ಕೆ ಈ ನೀರೇ ಸಾಕು. ಆರನೆಯ ಹಂತದ ಮಾತನ್ನಾಡುವ ಮೊದಲು ಇದನ್ನು ಪೂರ್ಣವಾಗಿ ಬಳಸುವುದೇ ನಮ್ಮ ದೃಷ್ಟಿಯಲ್ಲಿ ಮೊದಲ ಕೆಲಸ.

ಹಳೆಯ ಬಡಾವಣೆಗಳೂ ಹಾಗೆಯೇ ಉಳಿದಿಲ್ಲ. ಹೆಂಚಿನ ಮನೆ, ಹಿತ್ತಿಲು, ಸೇದುವ ಬಾವಿ ಇದ್ದ ನಿವೇಶನದಲ್ಲಿ ಈಗ ನಾಲ್ಕಂತಸ್ತು, ಎಂಟು ಸಂಸಾರ. ಬಾವಿಗೆ ಕಸ ತುಂಬಿ ಕಾಂಕ್ರೀಟು ಮುಚ್ಚಿದ್ದಾಗಿದೆ. ಬೀದಿಯ ಕೊಳವೆ ಮಾತ್ರ ತಾತನ ಕಾಲದ್ದು. ನೆರೆಯವರ ಪಾಲನ್ನೂ ಮೋಟಾರು ಹಚ್ಚಿ ಎಳೆದುಕೊಳ್ಳುವ ಮನೆಗಳಿವೆ. ಅದಕ್ಕೆ ಬೇರೆ ಹೆಸರಿದ್ದರೂ ಇಲ್ಲಿ ಬರೆಯುವುದು ಬೇಡ.

ಮಳೆನೀರು ಕೊಯ್ಲನ್ನು 2009ರಲ್ಲೇ ಕಾನೂನು ಕಡ್ಡಾಯಗೊಳಿಸಿದೆ: 60×40 ಅಡಿಯ ಹಳೆಯ ಮನೆಗಳಿಗೆ, 30×40ರ ಹೊಸ ಮನೆಗಳಿಗೆ. ದಂಡ ಕಟ್ಟಿ ಸುಮ್ಮನಾದವರು ಸಾವಿರಾರು ಮಂದಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆಯಾಗುತ್ತದೆ. 1,200 ಚದರಡಿಯ ತಾರಸಿಯ ಮೇಲೆ ಬೀಳುವುದು ಸುಮಾರು ಒಂದು ಲಕ್ಷ ಲೀಟರ್. ಎಲ್ಲವೂ ಸಿಗಲಾರದು, ಮುಕ್ಕಾಲು ಪಾಲಂತೂ ಸಿಗುತ್ತದೆ. ನಮ್ಮ ದೇವಾಲಯಗಳ, ಶಾಲೆಗಳ, ಕನ್ಯಾಮಠಗಳ ಮಾಡುಗಳು ಇದರ ಹತ್ತಾರು ಪಟ್ಟು ದೊಡ್ಡವು. ಅಂಗಳದಲ್ಲಿ ಹಳೆಯ ಬಾವಿಗಳೂ ಇವೆ. ಕಬ್ಬನ್ ಪಾರ್ಕಿನ ಬಾವಿಗಳನ್ನು ಪರಂಪರೆಯ ಮಣ್ಣು ವಡ್ಡರು ಹೂಳೆತ್ತಿದಾಗ ನೀರು ಮತ್ತೆ ಬಂತು. ಧರ್ಮಕೇಂದ್ರದ ಮುಂದಿನ ಸಭೆಯಲ್ಲಿ ಗುರುಗಳ ಮುಂದೆ ಈ ವಿಷಯ ಇಡುವವರು ಮೊದಲು ಜಯನಗರದ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನಕ್ಕೆ ಹೋಗಿಬರಲಿ. ಮಾಡಿನ ನೀರನ್ನು ಸೋಸಿ ಸಂಪಿಗೂ ಬಾವಿಗೂ ಇಳಿಸುವ ಬಗೆಯನ್ನು ಅಲ್ಲಿ ಕಣ್ಣಾರೆ ನೋಡಬಹುದು. ಕೆಲಸ ಏಪ್ರಿಲ್ ಒಳಗೆ ಮುಗಿದರೆ ಮೇ ತಿಂಗಳ ಗುಡುಗುಮಳೆಯೇ ಬಾವಿಗಿಳಿಯುತ್ತದೆ.