ಮನೆ ಕಟ್ಟುವಾಗ ಉಳಿತಾಯ ಎಲ್ಲಿ?

ಮನೆ ಕಟ್ಟಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ, ಸೋದರಿಯರೇ! ನಮ್ಮ ಮನೆಯ ತಾರಸಿ ಹಾಕಿದ ಐದನೇ ದಿನ ಮೇಸ್ತ್ರಿ, "ಅಮ್ಮಾ, ಸೆಂಟ್ರಿಂಗ್ ಬಿಚ್ಚಿಬಿಡೋಣ, ದಿನದ ಬಾಡಿಗೆ ಸುಮ್ಮನೆ ಏರ್ತಿದೆ" ಅಂದ. ನಮ್ಮ ಯಜಮಾನರೂ ತಲೆಯಾಡಿಸಿದರು. ಕೆಳಗೆ ಕೂಲಿ ಹೆಂಗಸಿನ ಕೂಸು ಸೀರೆಯ ಜೋಲಿಯಲ್ಲಿ ಮಲಗಿತ್ತು. ನನ್ನೆದೆ ಧಸಕ್ಕೆಂದಿತು. "ಇಂಜಿನಿಯರು ಬಂದು ನೋಡೋವರೆಗೂ ಒಂದು ಕಂಬಾನೂ ಮುಟ್ಟಬೇಡಪ್ಪಾ" ಅಂದೆ.

ಸಂಜೆ ಬಂದ ಅವರು ಮೇಸ್ತ್ರಿಗೆ ಚೆನ್ನಾಗಿ ಬೈದರು. ಸಾಮಾನ್ಯ ಸಿಮೆಂಟಿನ ತಾರಸಿ ಗೋಡೆಯಿಂದ ಗೋಡೆಗೆ 4.5 ಮೀಟರ್, ಅಂದರೆ ಸುಮಾರು 15 ಅಡಿಯೊಳಗಿದ್ದರೂ ಆಸರೆಯ ಕಂಬಗಳು ಕನಿಷ್ಠ 7 ದಿನ ಇರಬೇಕಂತೆ. ಅದಕ್ಕಿಂತ ಹೆಚ್ಚಿದ್ದರೆ 14 ದಿನ. ತೊಲೆಗಳಿಗಂತೂ 14ಕ್ಕೆ ಕಡಿಮೆಯಿಲ್ಲ. ಹಾರುಬೂದಿ ಬೆರೆತ ಸಿಮೆಂಟು ನಿಧಾನವಾಗಿ ಗಟ್ಟಿಯಾಗುವುದರಿಂದ ಇನ್ನೂ ಕಾಯಬೇಕು.

ನೀರಿನ ಮೇಲೂ ಕಣ್ಣಿಡಿ. ದೋಸೆ ಹಿಟ್ಟು ನೀರಾದರೆ ಎತ್ತುವಾಗ ಹರಿಯೋದಿಲ್ಲವೇ? ಕಾಂಕ್ರೀಟೂ ಹಾಗೆಯೇ. ತೆಳ್ಳಗೆ ಕಲಸಿದರೆ ಸುರಿಯೋಕೆ ಸುಲಭ, ಆದರೆ ಬಲ ಕಡಿಮೆ. 50 ಕೆ.ಜಿ. ಮೂಟೆಗೆ ಸುಮಾರು 25 ಲೀಟರ್ ಸಾಕು. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ತಾರಸಿ ಹಾಕಿದ ಮೇಲೆ ಮಾತ್ರ ಜಿಪುಣತನ ಬೇಡ. ಮಣ್ಣಿನ ಬದು ಕಟ್ಟಿ, 10ರಿಂದ 14 ದಿನ ನೀರು ನಿಲ್ಲಿಸಿ.

ಬಾಡಿಗೆ ಹೆಚ್ಚಾಯಿತು, ನಿಜ. ಅದಕ್ಕೆ ಒಳಗಿನ ಬಣ್ಣವನ್ನು ಮುಂದಿನ ದೀಪಾವಳಿಗೆ ಇಟ್ಟುಕೊಂಡೆವು. ಬಣ್ಣ ಕಾಯುತ್ತೆ, ತಾರಸಿ ಕಾಯೋದಿಲ್ಲ!